ಗುರುವಿನ ತರುವಾಯ

ಗುರುವೊಬ್ಬರು ಕಾಲವಾದ ಮೇಲೆ ಶಿಷ್ಯವರ್ಗದಲ್ಲಿ ಮೊದಲು ಏಳುವ ಪ್ರಶ್ನೆ ತತ್ತ್ವಕ್ಕೆ ಸಂಬಂಧಪಟ್ಟದ್ದಾಗಿರುವುದು ಅಪೂರ್ವ. ಆತ್ಮದ ಸ್ವರೂಪವೇನು, ಮೋಕ್ಷಕ್ಕೆ ಮಾರ್ಗ ಯಾವುದು ಎಂಬ ವಿಚಾರಗಳನ್ನು ಗುರುಗಳು ಇದ್ದಾಗಲೇ ಹೇಳಿ ಮುಗಿಸಿರುತ್ತಾರೆ. ಉಳಿಯುವುದು ಅದಕ್ಕಿಂತ ಬಹಳ ಸಾಮಾನ್ಯವಾದ ಪ್ರಶ್ನೆ: ಇನ್ನು ಮುಂದೆ ನಡೆಯತಕ್ಕದ್ದು ಯಾರ ಮಾತು? ಉಗ್ರಾಣದ ಬೀಗದ ಕೈ ಯಾರ ಬಳಿ ಇರಬೇಕು, ಹಬ್ಬದ ದಿನ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವವರು ಯಾರು, ಗುರುಗಳ ಹೆಸರಿನಲ್ಲಿ ಒಂದು ಅಪ್ಪಣೆ ಹೊರಟರೆ ಅದನ್ನು ನಂಬುವುದು ಹೇಗೆ? ನಮ್ಮ ನಾಡಿನ ಮಠಗಳಿಗೆ ಇದು ಹಳೆಯ ಅನುಭವ. ಆದರೆ ಮಠವೆಂಬ ಹೆಸರಿಲ್ಲದೆ, ಪರಂಪರೆಯ ಕಟ್ಟಳೆಗಳಿಲ್ಲದೆ, ಒಬ್ಬ ಪುರುಷರ ಮಾತಿನ ಬಲದಿಂದಲೇ ಬೆಳೆದ ಸಂಸ್ಥೆಗಳಲ್ಲಿ ಈ ಪ್ರಶ್ನೆ ಬೇರೆ ರೂಪ ತಾಳುತ್ತದೆ. ಅಂಥದೊಂದು ನಿದರ್ಶನ ನಮ್ಮ ರಾಜಧಾನಿಗೆ ಒಂದೆರಡು ಗಂಟೆಯ ಪ್ರಯಾಣದ ದೂರದಲ್ಲೇ, ನಮ್ಮ ಕಾಲದಲ್ಲೇ ನಡೆದಿದೆ.

ಬೆಂಗಳೂರಿನಿಂದ ಬಡಗಲಿಗೆ ಹೊರಟವರು ದೇವನಹಳ್ಳಿಯನ್ನು ದಾಟಿ, ನಂದಿಬೆಟ್ಟವನ್ನು ಎಡಕ್ಕೆ ಬಿಟ್ಟು ಚಿಕ್ಕಬಳ್ಳಾಪುರವನ್ನು ಸೇರುತ್ತಾರೆ. ಈ ಊರಿನ ಆಸುಪಾಸಿನಲ್ಲಿ ಹುಟ್ಟುವ ಚಿತ್ರಾವತಿ ನದಿ ಬಾಗೇಪಲ್ಲಿಯ ಕಡೆಯಿಂದ ಆಂಧ್ರದ ಸೀಮೆಯನ್ನು ಹೊಕ್ಕು ಪುಟ್ಟಪರ್ತಿಯ ಬದಿಯಲ್ಲಿ ಹರಿಯುತ್ತದೆ. ಹೆದ್ದಾರಿಯೂ ಹೆಚ್ಚುಕಡಿಮೆ ಅದೇ ದಿಕ್ಕನ್ನು ಹಿಡಿದಿದೆ. ರೈಲಿನಲ್ಲಿ ಹೋಗುವವರಿಗೆ ಗೌರೀಬಿದನೂರು, ಹಿಂದೂಪುರಗಳ ಮೇಲೆ ದಾರಿ. ಪುಟ್ಟಪರ್ತಿಗೆ ಹೋಗುವ ಭಕ್ತರು ಹಲವು ದಶಕಗಳ ಕಾಲ ಚಿಕ್ಕಬಳ್ಳಾಪುರವನ್ನು ಕಾಫಿ ಕುಡಿಯುವ ಊರೆಂದಷ್ಟೇ ತಿಳಿದಿದ್ದರು. 2011ರ ತರುವಾಯ ಅವರಲ್ಲಿ ಒಂದು ಪಂಗಡದವರಿಗೆ ಪ್ರಯಾಣ ಅಲ್ಲಿಯೇ ಮುಗಿಯತೊಡಗಿತು. ಅವರು ಊರಿನ ಬಳಿ ಹೆದ್ದಾರಿಯನ್ನು ಬಿಟ್ಟು ಮುದ್ದೇನಹಳ್ಳಿಗೆ ತಿರುಗಿಕೊಂಡರು.

ಮುದ್ದೇನಹಳ್ಳಿಯ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಹಳ್ಳಿ ಅದು. ಲೆಕ್ಕವಿಲ್ಲದ ಮಾತನ್ನೂ ಆಧಾರವಿಲ್ಲದ ವರದಿಯನ್ನೂ ಒಪ್ಪದಿದ್ದ ಆ ಮಹನೀಯರ ಊರಿನಲ್ಲಿಯೇ ಕಣ್ಣಿಗೆ ಕಾಣದ ಒಬ್ಬ ಯಜಮಾನರ ಅಪ್ಪಣೆಗಳನ್ನು ಕುರಿತ ವಿವಾದ ಹುಟ್ಟಿತೆಂಬುದು ಚರಿತ್ರೆಯ ಒಂದು ವಿನೋದ.

ಈ ಸೀಮೆಗೂ ಪುಟ್ಟಪರ್ತಿಗೂ ಇದ್ದ ನಂಟು ಬರಿಯ ದಾರಿಯ ನಂಟಲ್ಲ. ಚಿಕ್ಕಬಳ್ಳಾಪುರ, ಗೌರೀಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕೂ ತಾಲ್ಲೂಕುಗಳಲ್ಲಿ ಮನೆಯೊಳಗೆ ತೆಲುಗು, ಕಚೇರಿಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ನಡೆಯುವುದು ಸರ್ವೇಸಾಮಾನ್ಯ. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರಾಯಣಪ್ಪನವರು ಎರಡು ಭಾಷೆಗಳಲ್ಲಿಯೂ ತತ್ತ್ವಪದಗಳನ್ನು ಹಾಡಿದರು. ಬಳೆಯ ಮಲಾರವನ್ನು ಹೊತ್ತು ತಿರುಗಿದ ಆ ತಾತಯ್ಯನವರ ಮಾತು ಇಂದಿಗೂ ಭಜನೆಯ ಗೋಷ್ಠಿಗಳಲ್ಲಿ ಉಳಿದಿದೆ. ಹೀಗೆ ಎರಡು ನುಡಿಗಳಲ್ಲಿ ಭಕ್ತಿಯನ್ನು ಕೇಳಿ ಅಭ್ಯಾಸವಾದ ಜನಕ್ಕೆ ಸತ್ಯಸಾಯಿಬಾಬಾರವರ ತೆಲುಗು ಉಪನ್ಯಾಸಗಳನ್ನು ಅರ್ಥಮಾಡಿಕೊಳ್ಳಲು ಭಾಷಾಂತರಕಾರರು ಬೇಕಾಗಿರಲಿಲ್ಲ.

ಕನ್ನಡಿಗರ ಪಾಲು ಇನ್ನೊಂದೂ ಉಂಟು. ಬಾಬಾರವರ ಜೀವನಚರಿತ್ರೆಯನ್ನು ಮೊದಲು ಇಂಗ್ಲಿಷಿನಲ್ಲಿ ಬರೆದು ಲೋಕಕ್ಕೆ ಪರಿಚಯಮಾಡಿಕೊಟ್ಟವರು ನಮ್ಮ ನಾ. ಕಸ್ತೂರಿಯವರು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಚರಿತ್ರೆಯ ಅಧ್ಯಾಪಕರಾಗಿದ್ದು, ‘ಕೊರವಂಜಿ’ಯ ಓದುಗರನ್ನು ನಗಿಸಿ, ‘ಅನರ್ಥಕೋಶ’ವೆಂಬ ವಿಚಿತ್ರವಾದ ನಿಘಂಟನ್ನು ರಚಿಸಿದ ಹಾಸ್ಯಗಾರರು. ಹಾಸ್ಯಗಾರರೊಬ್ಬರು ಭಕ್ತರಾದರೆಂದು ಅನೇಕರು ಆಗ ಬೆರಗಾದರು. ನಮಗೆ ಅದು ಅಷ್ಟು ಬೆರಗಿನ ವಿಷಯವಾಗಿ ತೋರುವುದಿಲ್ಲ. ಆದರೆ ಚರಿತ್ರೆಯ ಅಧ್ಯಾಪಕರೊಬ್ಬರು ಗುರುಚರಿತ್ರೆಯನ್ನು ಬರೆಯುವ ಕೆಲಸವನ್ನು ಕೈಗೊಂಡರೆಂಬುದನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಈ ವಿವಾದದಲ್ಲಿ ಚರಿತ್ರಕಾರನ ಸ್ಥಾನ ಮತ್ತೊಮ್ಮೆ ಬರಲಿದೆ.

ಬಾಬಾರವರು ಹುಟ್ಟಿದ್ದು 1926ನೆಯ ನವೆಂಬರ್ 23ರಂದು. 1940ರಲ್ಲಿ, ಇನ್ನೂ ಶಾಲೆಯ ಹುಡುಗರಾಗಿದ್ದಾಗ, ತಾವು ಶಿರಡಿಯ ಸಾಯಿಬಾಬಾ ಎಂದು ಮನೆಯವರ ಮುಂದೆ ಸಾರಿದರು. ಶಿರಡಿಯ ಫಕೀರರು ದೇಹವನ್ನು ಬಿಟ್ಟು ಆಗಲೇ 22 ವರ್ಷಗಳಾಗಿದ್ದುವು. ಅವರು ಉತ್ತರಾಧಿಕಾರಿಯೆಂದು ಯಾರನ್ನೂ ಕೂರಿಸಿರಲಿಲ್ಲ. 1922ರಲ್ಲಿ ಅಹಮದ್‌ನಗರದ ನ್ಯಾಯಾಲಯದ ಮೂಲಕ ಅಲ್ಲಿ ಒಂದು ಸಂಸ್ಥಾನ ಏರ್ಪಟ್ಟು, ಪೂಜೆ ಪುನಸ್ಕಾರ ಲೆಕ್ಕಪತ್ರಗಳು ಅದರ ಕೈಸೇರಿದ್ದುವು. ಪುಟ್ಟಪರ್ತಿಯ ಹುಡುಗ ಆ ಸಂಸ್ಥಾನವನ್ನು ಕೇಳಿಕೊಂಡು ತನ್ನ ಮಾತನ್ನು ಆಡಲಿಲ್ಲ. ಕೇಳಿದ್ದರೆ ಅದು ಏನೆನ್ನುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಒಂದೆಡೆ ಸಮಾಧಿಯನ್ನೂ ದಾಖಲೆಯನ್ನೂ ಕಾಯುವ ಕಮಿಟಿ, ಮತ್ತೊಂದೆಡೆ ಕಮಿಟಿಯ ಮುದ್ರೆಯಿಲ್ಲದೆ ಎದ್ದ ಸಜೀವವಾದ ಮಾತು. ಜನರು ಮಾತಿನ ಕಡೆಗೆ ಹೋದರು. ಹೋದ ಜನರಿಂದಲೇ ಪ್ರಶಾಂತಿನಿಲಯ ಬೆಳೆಯಿತು.

ಅದು ಬೆಳೆದ ಪರಿಯನ್ನು ವಿಸ್ತರಿಸುವುದು ಅನಾವಶ್ಯಕ. 1950ರಲ್ಲಿ ಮಂದಿರ, 1972ರಲ್ಲಿ ಸೆಂಟ್ರಲ್ ಟ್ರಸ್ಟ್, 1981ರಲ್ಲಿ ವಿಶ್ವವಿದ್ಯಾಲಯದ ಅಂತಸ್ತಿನ ವಿದ್ಯಾಸಂಸ್ಥೆ, 1991ರಲ್ಲಿ ಪುಟ್ಟಪರ್ತಿಯಲ್ಲಿಯೂ 2001ರಲ್ಲಿ ನಮ್ಮ ವೈಟ್‌ಫೀಲ್ಡಿನಲ್ಲಿಯೂ ಹಣ ಕೇಳದ ದೊಡ್ಡ ಆಸ್ಪತ್ರೆಗಳು, ಅನಂತಪುರದ ಬರಡು ಸೀಮೆಯ ನೂರಾರು ಹಳ್ಳಿಗಳಿಗೆ ಕುಡಿಯುವ ನೀರು. ಟ್ರಸ್ಟಿನಲ್ಲಿ ಹಿರಿಯ ನ್ಯಾಯಮೂರ್ತಿಗಳೂ ನಿವೃತ್ತ ಅಧಿಕಾರಿಗಳೂ ಇದ್ದರು. ಆದರೆ ಅವರಲ್ಲಿ ಯಾರೂ ತಾವಾಗಿ ಏನನ್ನೂ ತೀರ್ಮಾನಿಸುತ್ತಿರಲಿಲ್ಲವೆಂಬುದು ಎಲ್ಲರಿಗೂ ತಿಳಿದ ಸಂಗತಿ. ಯಾರನ್ನು ಒಳಗೆ ಕರೆಯಬೇಕು, ಯಾರಿಗೆ ಕೆಲಸ ಒಪ್ಪಿಸಬೇಕು, ಯಾವ ಹುಡುಗ ಯಾವ ತರಗತಿಗೆ ಸೇರಬೇಕು ಎಲ್ಲವೂ ಬಾಬಾರವರ ಬಾಯಿಂದ ಬರಬೇಕು. ಬೇರೆ ಆಡಳಿತಗಳಲ್ಲಿ ಮೇಲಿನವರ ಮಾತನ್ನು ಕೆಳಗಿನವರು ತಿದ್ದಲು ಏನಾದರೊಂದು ಉಪಾಯವಿರುತ್ತದೆ. ಅವತಾರಪುರುಷರೆಂದು ನಂಬಿದವರ ಮಾತನ್ನು ತಿದ್ದುವವರಾರು? ಅವರು ಇರುವಷ್ಟು ಕಾಲ ಇದು ಅನುಕೂಲವಾದ ಏರ್ಪಾಡು. ಕೆಲಸ ಬೇಗ ಆಗುತ್ತದೆ, ಜಗಳಗಳು ಮೊಳಕೆಯಲ್ಲಿಯೇ ನಿಲ್ಲುತ್ತವೆ. ಆದರೆ ಒಬ್ಬರೇ ಮಾತನಾಡುವ ಮನೆಯಲ್ಲಿ ಉಳಿದವರಿಗೆ ಪರಸ್ಪರ ಮಾತನಾಡಿ ನಿರ್ಧರಿಸುವ ಅಭ್ಯಾಸವೇ ತಪ್ಪಿಹೋಗುತ್ತದೆ.

ಇದಕ್ಕೆ ಇನ್ನೊಂದು ತೊಡಕು ಸೇರಿತು. ಬಾಬಾರವರು 1960ರ ಒಂದು ಉಪನ್ಯಾಸದಲ್ಲಿ ತಾವು ಈ ದೇಹದಲ್ಲಿ ಇನ್ನೂ 59 ವರ್ಷ ಇರುವುದಾಗಿ ಹೇಳಿದ್ದರು. 96 ವರ್ಷ ಬಾಳುವರೆಂಬ ಮಾತೂ ಭಕ್ತರಲ್ಲಿ ರೂಢಿಯಾಗಿತ್ತು. ಅವರು ತೀರಿಕೊಂಡದ್ದು 2011ನೆಯ ಏಪ್ರಿಲ್ 24ರಂದು, 84ರ ವಯಸ್ಸಿನಲ್ಲಿ. ಕೆಲವರು ಚಾಂದ್ರಮಾನದ ತಿಂಗಳುಗಳನ್ನು ಎಣಿಸಿ ಲೆಕ್ಕವನ್ನು ಸರಿದೂಗಿಸಿದರು. ಪಂಚಾಂಗವನ್ನು ಬಲ್ಲವರಿಗೆ ಇಂಥ ಕೆಲಸ ಕಷ್ಟವಲ್ಲ. ಬೇರೆ ಕೆಲವರ ಮನಸ್ಸಿನಲ್ಲಿ ಮಾತ್ರ ಪ್ರಶ್ನೆ ಹಾಗೆಯೇ ನಿಂತಿತು: ಕೊಟ್ಟ ಮಾತಿನ ಉಳಿದ ವರ್ಷಗಳು ಏನಾದುವು? ಯಾರೂ ಮೋಸಮಾಡಬೇಕೆಂದು ಹುಟ್ಟಿಸಿದ ಪ್ರಶ್ನೆಯಲ್ಲ ಇದು; ಶ್ರದ್ಧೆಯಿಂದಲೇ ಹುಟ್ಟಿದ್ದು. ಉತ್ತರ ಕೊಡಬಲ್ಲವರು ಯಾರಾದರೂ ಬರಲಿ ಎಂದು ಒಂದು ಬಾಗಿಲು ತೆರೆದಂತಾಯಿತು.

ಅದೇ ಜೂನಿನಲ್ಲಿ ಟ್ರಸ್ಟಿನವರು ಬಾಬಾರವರ ನಿವಾಸವಾಗಿದ್ದ ಯಜುರ್ಮಂದಿರದ ಬಾಗಿಲನ್ನು ತೆರೆದರು. 11 ಕೋಟಿಗೂ ಮೀರಿದ ನಗದು, 98 ಕಿಲೋಗ್ರಾಂ ಚಿನ್ನ, 307 ಕಿಲೋಗ್ರಾಂ ಬೆಳ್ಳಿ ಅಲ್ಲಿ ಸಿಕ್ಕಿತೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ಸರ್ಕಾರ ಇದನ್ನು ವಹಿಸಿಕೊಳ್ಳಬೇಕೆ ಎಂಬ ಚರ್ಚೆಯೂ ನಡೆಯಿತು. ಆ ದಿನಗಳಲ್ಲಿ ಟ್ರಸ್ಟಿನ ಸದಸ್ಯರು ಮಾಡಬೇಕಾಗಿದ್ದುದು ಗುಮಾಸ್ತರ ಕೆಲಸ: ಎಣಿಸುವುದು, ಪಟ್ಟಿಮಾಡುವುದು, ಬ್ಯಾಂಕಿಗೆ ಒಪ್ಪಿಸುವುದು, ಪತ್ರಿಕೆಯವರಿಗೆ ಸಮಾಧಾನ ಹೇಳುವುದು. ಅವರು ಅದನ್ನು ಮಾಡಿದರು, ಸಂಸ್ಥೆಯನ್ನು ಉಳಿಸಿಕೊಂಡರು. ಆದರೆ ದುಃಖದಲ್ಲಿದ್ದ ಭಕ್ತನಿಗೆ ಪಟ್ಟಿಯಿಂದ ಏನು ಪ್ರಯೋಜನ? ಅವನು ಬಯಸಿದ್ದು ಎಂದಿನಂತೆ ಒಂದು ಮಾತು; ತನ್ನ ಹೆಸರು ಹಿಡಿದು ಕರೆಯುವ ಒಂದು ಮಾತು.

ಆ ಮಾತು ಮುದ್ದೇನಹಳ್ಳಿಯಿಂದ ಬಂದಿತು. ಅಲ್ಲಿ ಬಾಬಾರವರ ಕಾಲದಲ್ಲಿಯೇ ಅವರ ಹೆಸರಿನ ವಿದ್ಯಾಶಾಲೆಯೂ ವಿದ್ಯಾರ್ಥಿನಿಲಯವೂ ಇದ್ದುವು. ನಡೆಸುತ್ತಿದ್ದುದು ದಕ್ಷಿಣ ಕನ್ನಡದ ಅಳಿಕೆಯ ವಿದ್ಯಾಸಂಸ್ಥೆಗಳನ್ನೂ ನೋಡಿಕೊಳ್ಳುತ್ತಿದ್ದ ಲೋಕಸೇವಾ ಟ್ರಸ್ಟ್. ವೈಟ್‌ಫೀಲ್ಡಿನ ವಿದ್ಯಾರ್ಥಿನಿಲಯದ ವಾರ್ಡನ್ನರಾಗಿ ದೀರ್ಘಕಾಲ ದುಡಿದ ಬಿ. ಎನ್. ನರಸಿಂಹಮೂರ್ತಿಗಳು ಇಲ್ಲಿಯ ಹಿರಿಯರು. ಕಸ್ತೂರಿಯವರು ನಾಲ್ಕು ಸಂಪುಟಗಳಲ್ಲಿ ಬರೆದು ನಿಲ್ಲಿಸಿದ್ದ ಜೀವನಚರಿತ್ರೆಯನ್ನು ಮುಂದುವರಿಸಿದವರೂ ಇವರೇ. ಚರಿತ್ರಕಾರನ ಸ್ಥಾನವೆಂದು ನಾವು ಆಗಲೇ ಹೇಳಿದ್ದು ಇದನ್ನು ಕುರಿತು. ಗುರುಗಳ ಬಾಳನ್ನು ಬರೆದವರು ಗುರುಗಳ ಮನಸ್ಸನ್ನು ಬಲ್ಲವರೆಂದು ಜನ ಭಾವಿಸುವುದು ಸಹಜ. ಅಂಥವರು, ಬಾಬಾರವರು ದೇಹವನ್ನು ಬಿಟ್ಟ ಮೇಲೆಯೂ ತಮಗೆ ಸ್ವಪ್ನದಲ್ಲಿಯೂ ಆಮೇಲೆ ಸೂಕ್ಷ್ಮಶರೀರದಿಂದಲೂ ಕಾಣಿಸಿಕೊಂಡು ಕಾರ್ಯಗಳನ್ನು ಅಪ್ಪಣೆಮಾಡುತ್ತಿದ್ದಾರೆಂದು ಹೇಳಿದರು. ಪುಟ್ಟಪರ್ತಿಯಲ್ಲಿ ಓದಿದ್ದ ಮಧುಸೂದನ ನಾಯ್ಡು ಎಂಬ ತರುಣರು ಆ ಸೂಕ್ಷ್ಮರೂಪವನ್ನು ಕಂಡು, ಅದರ ನುಡಿಗಳನ್ನು ಕೇಳಿ, ಇತರರಿಗೆ ತಿಳಿಸುವವರಾದರು. ಸಭೆಯಲ್ಲಿ ಅಲಂಕರಿಸಿದ ಆಸನವೊಂದು ಬರಿದಾಗಿಯೇ ಇರುವುದು. ಬಂದವರು ಅದಕ್ಕೆ ನಮಸ್ಕರಿಸುವರು. ಪಕ್ಕದಲ್ಲಿರುವ ತರುಣರು ‘ನಾನು’ ಎಂದು ಬಾಬಾರವರ ಪರವಾಗಿ ಮಾತನಾಡುವರು. ದೇಶಾಂತರಗಳಿಂದ ಜನ ಬಂದರು, ಹಣವೂ ಬಂದಿತು. ಬಂದವರಲ್ಲಿ ಹೆಚ್ಚಿನವರು ಹಳೆಯ ಭಕ್ತರು. ಪುಟ್ಟಪರ್ತಿಯ ಟ್ರಸ್ಟಿನವರಿಗೆ ಮುಖಪರಿಚಯವಿದ್ದವರು.

ಟ್ರಸ್ಟೂ ಸೇವಾಸಂಸ್ಥೆಯೂ ಇದನ್ನು ನಿರಾಕರಿಸಿದವು. ಮುದ್ದೇನಹಳ್ಳಿಯಲ್ಲಿ ನಡೆಯುವುದಕ್ಕೂ ತಮಗೂ ಸಂಬಂಧವಿಲ್ಲ, ಭಕ್ತರು ಅದರಿಂದ ದೂರವಿರಬೇಕು ಎಂಬ ಪ್ರಕಟಣೆಗಳು ಹೊರಟವು. ಅವರು ಮುಂದಿಟ್ಟ ಆಧಾರ ಬಾಬಾರವರ ಹಳೆಯ ಉಪನ್ಯಾಸಗಳೇ. ತಾವು ಮತ್ತೊಬ್ಬರ ಮೈಮೇಲೆ ಬರುವವರಲ್ಲ, ಮತ್ತೊಬ್ಬರ ಬಾಯಿಂದ ಮಾತನಾಡುವವರಲ್ಲ, ಹಾಗೆಂದು ಹೇಳುವವರನ್ನು ನಂಬಬೇಡಿ ಎಂದು ಅವರು ಇದ್ದಾಗಲೇ ಎಚ್ಚರಿಸಿದ್ದರು. ಈ ಆಧಾರ ಬಲವಾದದ್ದು. ನಮಗೆ ನ್ಯಾಯಾಧೀಶರ ಕೆಲಸ ಬಂದಿದ್ದರೆ ಇದನ್ನು ಮೊದಲನೆಯ ದಾಖಲೆಯಾಗಿ ಸ್ವೀಕರಿಸುತ್ತಿದ್ದೆವು. ಆದರೆ ಭಕ್ತಿಯ ತರ್ಕದಲ್ಲಿ ಇದಕ್ಕೂ ಪ್ರತ್ಯುತ್ತರವುಂಟು. ಸರ್ವಶಕ್ತರೆಂದು ನೀವೇ ಹೇಳುವವರು ತಮ್ಮ ಕ್ರಮವನ್ನು ಬದಲಾಯಿಸಲಾರರೆ? 1940ರಲ್ಲಿ ಶಿರಡಿಯ ಅನುಮತಿಯನ್ನು ಕೇಳಿದವರು ಯಾರು? ಹೀಗೆ ಕೇಳಿದರೆ ಟ್ರಸ್ಟಿನ ಕೈ ಸ್ವಲ್ಪ ಕಟ್ಟಿದಂತಾಗುತ್ತದೆ. ಮುದ್ರಿತವಾದ ಮಾತಿಗಿಂತ ಜೀವಂತವಾದ ಮಾತು ದೊಡ್ಡದೆಂಬ ನಂಬಿಕೆಯ ಮೇಲೆ ಕಟ್ಟಿದ ಮನೆಯಲ್ಲಿ ಕುಳಿತು, ಜೀವಂತವಾದ ಮಾತಿಗಿಂತ ಮುದ್ರಿತವಾದದ್ದೇ ದೊಡ್ಡದೆಂದು ಅವರು ವಾದಿಸಬೇಕಾಯಿತು.

ಮುದ್ದೇನಹಳ್ಳಿಯ ಪಕ್ಷದಲ್ಲಿಯೂ ತೊಡಕು ಕಡಮೆಯಿಲ್ಲ. ಒಬ್ಬ ತರುಣರಿಗೆ ಮಾತ್ರ ಕೇಳಿಸುವ ಮಾತನ್ನು ಪರೀಕ್ಷಿಸುವ ಉಪಾಯ ಯಾವುದು? ಇಲ್ಲಿ ಬರುವ ಅಪ್ಪಣೆಗಳಲ್ಲಿ ಕಟ್ಟಡ ಕಟ್ಟುವುದು, ಆಸ್ಪತ್ರೆ ತೆರೆಯುವುದು, ಇಂಥವರು ಇಷ್ಟು ಹೊಣೆ ಹೊರಬೇಕೆಂಬುದು ಮೊದಲಾದ ಲೌಕಿಕ ವಿಷಯಗಳೂ ಇರುತ್ತವೆ. ಕಮಿಟಿಯ ತೀರ್ಮಾನ ತಪ್ಪಾದರೆ ಮುಂದಿನ ಸಭೆಯಲ್ಲಿ ಎದ್ದು ಕೇಳಬಹುದು. ತೀರಿಹೋದವರ ಅಪ್ಪಣೆ ತಪ್ಪಾದರೆ ಯಾರನ್ನು ಕೇಳಬೇಕು? ತಂದು ಹೇಳಿದವರು ತಾವು ಬರಿಯ ದೂತರೆನ್ನುತ್ತಾರೆ. ಹೇಳಿಕಳುಹಿಸಿದವರು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅಧಿಕಾರವಿದ್ದು ಉತ್ತರವಾದಿತ್ವವಿಲ್ಲದ ಇಂಥ ಸ್ಥಾನ ಯಾವ ಸಜ್ಜನರಿಗೂ ಕ್ಷೇಮಕರವಲ್ಲವೆಂಬುದು ನಮ್ಮ ಅಭಿಪ್ರಾಯ.

ಈ ಬಿರುಕಿನ ನೋವನ್ನು ನಿಜವಾಗಿ ಅನುಭವಿಸಿದವರು ಟ್ರಸ್ಟಿಗಳೂ ಅಲ್ಲ, ದೂತರೂ ಅಲ್ಲ. ಗುರುವಾರದ ಭಜನೆಗೆ ಒಂದೇ ಚಾಪೆಯ ಮೇಲೆ ಇಪ್ಪತ್ತು ಮೂವತ್ತು ವರ್ಷ ಕುಳಿತು ತಾಳ ಹಾಕಿದ ಜನರು. ಮುದ್ದೇನಹಳ್ಳಿಗೆ ನಡೆದುಕೊಳ್ಳುವವರು ಸಂಸ್ಥೆಯಲ್ಲಿ ಹೊಣೆಯ ಸ್ಥಾನಗಳಲ್ಲಿರಬಾರದೆಂದಾದಾಗ, ಸ್ನೇಹಿತರು ಸ್ನೇಹಿತರನ್ನು ‘ನೀವು ಅಲ್ಲಿಗೆ ಹೋಗಿದ್ದಿರಾ?’ ಎಂದು ಕೇಳಬೇಕಾಯಿತು. ಒಂದೇ ಮನೆಯಲ್ಲಿ ಅಣ್ಣ ಪುಟ್ಟಪರ್ತಿ, ತಮ್ಮ ಮುದ್ದೇನಹಳ್ಳಿ ಎಂದಾದರೆ ದೇವರಮನೆಯ ಚಿತ್ರಪಟ ಒಂದೇ ಆಗಿದ್ದೂ ಮಂಗಳಾರತಿಯ ಹೊತ್ತಿನಲ್ಲಿ ಮೌನ ಸೇರಿಕೊಳ್ಳುತ್ತದೆ. ಮತಗಳ ನಡುವಣ ಜಗಳದಲ್ಲಿ ಪರರು ಪರರಾಗಿರುತ್ತಾರೆ. ಮತದೊಳಗಿನ ಜಗಳದಲ್ಲಿ ನಮ್ಮವರು ಪರರಾಗುತ್ತಾರೆ.

ಪಶ್ಚಿಮದ ಚರಿತ್ರೆಯನ್ನು ಓದಿದವರಿಗೆ ಇದನ್ನು ಕೇಳುವಾಗ ಥಿಯಾಸಾಫಿಕಲ್ ಸೊಸೈಟಿಯ ಕಥೆ ನೆನಪಾಗದಿರದು. ಮೇಡಂ ಬ್ಲಾವಟ್ಸ್ಕಿಯವರು 1891ರಲ್ಲಿ ತೀರಿಕೊಂಡರು. ಅಗೋಚರರಾದ ಮಹಾತ್ಮರಿಂದ ತಮಗೆ ಪತ್ರಗಳು ಬರುತ್ತಿವೆಯೆಂದು ಅಮೆರಿಕದ ನಾಯಕರಾದ ಜಡ್ಜ್ ಎಂಬುವರು ಹೇಳಿದರು. ಆ ಪತ್ರಗಳ ಸಾಚಾತನದ ಮೇಲೆ ಆರೋಪಗಳು ಬಂದು, 1895ರಲ್ಲಿ ಅಮೆರಿಕದ ಶಾಖೆಯ ಬಹುಭಾಗ ಬೇರೆಯಾಯಿತು. 1907ರಲ್ಲಿ ಅಡ್ಯಾರಿನಲ್ಲಿ ಮರಣಶಯ್ಯೆಯಲ್ಲಿದ್ದ ಕರ್ನಲ್ ಆಲ್ಕಾಟರು, ಮಹಾತ್ಮರು ಪ್ರತ್ಯಕ್ಷರಾಗಿ ತಮ್ಮ ಸ್ಥಾನಕ್ಕೆ ಆನಿ ಬೆಸಂಟರನ್ನು ಸೂಚಿಸಿದರೆಂದು ತಿಳಿಸಿದರು. ಸದಸ್ಯರಲ್ಲಿ ದೊಡ್ಡ ವಾಗ್ವಾದವೆದ್ದಿತು. ಆದರೆ ಆ ಸೊಸೈಟಿಗೆ ಬರೆದಿಟ್ಟ ನಿಯಮಾವಳಿಯಿತ್ತು; ಅಧ್ಯಕ್ಷರ ಆಯ್ಕೆಗೆ ಸದಸ್ಯರ ವೋಟು ಬೇಕಾಗಿತ್ತು. ಮಹಾತ್ಮರ ಸೂಚನೆಯನ್ನು ನಂಬಿದವರೂ ನಂಬದವರೂ ವೋಟು ಕೊಟ್ಟರು, ಬೆಸಂಟರು ಗೆದ್ದರು. ಅಗೋಚರದ ಮಾತು ಶಿಫಾರಸಾಗಿ ನಿಂತಿತು. ಅಧಿಕಾರ ಬಂದದ್ದು ಎಣಿಕೆಯಿಂದ. ಪುಟ್ಟಪರ್ತಿಯಲ್ಲಿ ಹೀಗೆ ಎಣಿಸುವ ಪೆಟ್ಟಿಗೆಯನ್ನು ಯಾರೂ ಇಟ್ಟಿರಲಿಲ್ಲ.

ಅದೇ ಸೊಸೈಟಿ ಜಗದ್ಗುರುವಾಗಿ ಬೆಳೆಸಿದ ಹುಡುಗ ಚಿಂತಾಮಣಿಯ ಗಡಿಯಾಚೆಯ ಮದನಪಲ್ಲಿಯಲ್ಲಿ ಹುಟ್ಟಿದವನು. ಅವನಿಗಾಗಿಯೇ ಕಟ್ಟಿದ ನಕ್ಷತ್ರಸಂಘವನ್ನು 1929ನೆಯ ಆಗಸ್ಟ್ 3ರಂದು ಹಾಲೆಂಡಿನಲ್ಲಿ ಜಿಡ್ಡು ಕೃಷ್ಣಮೂರ್ತಿಯವರು ತಾವೇ ವಿಸರ್ಜಿಸಿದರು. ಪೀಠದ ಮೇಲೆ ಕುಳಿತವರೇ ಪೀಠವನ್ನು ಮಡಿಚಿಟ್ಟ ಉದಾಹರಣೆ ನಮಗೆ ತಿಳಿದಂತೆ ಬಹಳ ಇಲ್ಲ.

ನಮ್ಮ ಹಳೆಯ ಮಠಗಳು ಈ ಸಂಕಟಕ್ಕೆ ಬೇರೆ ರೀತಿಯ ಪರಿಹಾರವನ್ನು ಕಂಡುಕೊಂಡಿದ್ದುವು. ಉಡುಪಿಯ ಅಷ್ಟಮಠಗಳಲ್ಲಿ ಎರಡೆರಡು ಮಠಗಳಿಗೆ ದ್ವಂದ್ವವೆಂದು ಹೆಸರು. ಒಂದು ಮಠದ ಯತಿಗಳು ಶಿಷ್ಯಸ್ವೀಕಾರ ಮಾಡದೆ ತೀರಿಕೊಂಡರೆ ದ್ವಂದ್ವಮಠದವರು ಆ ಪೀಠಕ್ಕೆ ಶಿಷ್ಯರನ್ನು ಆರಿಸಬೇಕು. 2018ನೆಯ ಜುಲೈನಲ್ಲಿ ಶಿರೂರಿನ ಲಕ್ಷ್ಮೀವರತೀರ್ಥರು ತೀರಿಕೊಂಡಾಗ ಇದೇ ಕಟ್ಟಳೆಯ ಪ್ರಕಾರ ಸೋದೆಯ ಸ್ವಾಮಿಗಳು ಭಾರವನ್ನು ಹೊತ್ತು, 2021ರಲ್ಲಿ ಒಬ್ಬ ಬಾಲಕನಿಗೆ ಸನ್ಯಾಸಕೊಟ್ಟು ಪೀಠದಲ್ಲಿ ಕೂರಿಸಿದರು. ಜಗಳವಾಗಲಿಲ್ಲವೆಂದಲ್ಲ. ಅಪ್ರಾಪ್ತ ವಯಸ್ಸಿನವನಿಗೆ ಸನ್ಯಾಸ ಕೊಡಬಹುದೆ ಎಂದು ಹೈಕೋರ್ಟಿನವರೆಗೂ ಹೋದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೋರ್ಟು ಅರ್ಜಿಯನ್ನು ತಳ್ಳಿಹಾಕಿತು. ಕಟ್ಟಳೆಯಿದ್ದ ಮಾತ್ರಕ್ಕೆ ಕಲಹ ತಪ್ಪುವುದಿಲ್ಲ. ಆದರೆ ಕಲಹಕ್ಕೆ ಒಂದು ಗದ್ದುಗೆ ಗೊತ್ತಾಗುತ್ತದೆ, ಯಾವ ಪ್ರಶ್ನೆಯನ್ನು ಯಾರ ಮುಂದೆ ಇಡಬೇಕೆಂಬುದು ತಿಳಿಯುತ್ತದೆ. ಇದೇ ಶಿರೂರು ಮಠದ ವ್ಯಾಜ್ಯದಲ್ಲಿಯೇ 1954ರಲ್ಲಿ ಸರ್ವೋಚ್ಚ ನ್ಯಾಯಾಲಯ, ಮಠಾಧಿಪತಿಯ ಸ್ಥಾನದಲ್ಲಿ ಕರ್ತವ್ಯದ ಅಂಶವೂ ಸ್ವತ್ತಿನ ಅಂಶವೂ ಬೆರೆತಿವೆಯೆಂದು ಹೇಳಿತು. ನಮ್ಮ ದೇಶದ ಧಾರ್ಮಿಕ ಸಂಸ್ಥೆಗಳ ಮೊಕದ್ದಮೆಗಳಲ್ಲಿ ಆ ತೀರ್ಪನ್ನು ಉದಾಹರಿಸದ ವಕೀಲರಿಲ್ಲ.

ನ್ಯಾಯಾಲಯ ಸ್ವತ್ತನ್ನು ಹಂಚಬಲ್ಲದು, ಸನ್ನದನ್ನು ಓದಬಲ್ಲದು. ಅದಕ್ಕೆ ಬೆಂಗಳೂರಿನ ಹರೇಕೃಷ್ಣ ಬೆಟ್ಟವೇ ಸಾಕ್ಷಿ. ಇಸ್ಕಾನಿನ ಸ್ಥಾಪಕರು 1977ರಲ್ಲಿ ತೀರಿಕೊಳ್ಳುವುದಕ್ಕೆ ಕೆಲವು ತಿಂಗಳ ಮೊದಲು, ದೀಕ್ಷೆಗಾಗಿ 11 ಮಂದಿ ಪ್ರತಿನಿಧಿಗಳನ್ನು ಹೆಸರಿಸಿದ ಒಂದು ಪತ್ರ ಹೊರಟಿತು. ಅವರು ಗುರುಗಳ ಕಾಲಾನಂತರ ತಾವೇ ಗುರುಗಳೋ, ಎಂದೆಂದಿಗೂ ಪ್ರತಿನಿಧಿಗಳೋ ಎಂಬ ಪ್ರಶ್ನೆ ಬೆಂಗಳೂರಿನವರನ್ನೂ ಮುಂಬಯಿಯವರನ್ನೂ ಬೇರ್ಪಡಿಸಿತು. 2001ರಲ್ಲಿ ಸಿವಿಲ್ ಕೋರ್ಟಿಗೆ ಬಂದ ವ್ಯಾಜ್ಯ 2009ರಲ್ಲಿ ಒಂದು ಕಡೆಗೂ 2011ರಲ್ಲಿ ಹೈಕೋರ್ಟಿನಲ್ಲಿ ಇನ್ನೊಂದು ಕಡೆಗೂ ವಾಲಿ, 2025ನೆಯ ಮೇ 16ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ಮತ್ತೆ ಬೆಂಗಳೂರಿನವರ ಪರವಾಗಿ ತೀರ್ಪಾಯಿತು. ದೇವಸ್ಥಾನದ ಸ್ವತ್ತು ಯಾವ ಸೊಸೈಟಿಗೆ ಸೇರಿದ್ದೆಂಬುದೇ ಅಲ್ಲಿಯ ವಿಚಾರಣೆ. ಒಂದು ಕಾಗದವಾದರೂ ಅಲ್ಲಿತ್ತು. ಮುದ್ದೇನಹಳ್ಳಿಯ ಬರಿದಾದ ಆಸನದಲ್ಲಿ ಯಾರಿದ್ದರೆಂಬುದನ್ನು ಯಾವ ಮುನಸೀಫರು ವಿಚಾರಿಸಬೇಕು?

ಕೋರ್ಟಿನಲ್ಲಿ ತೀರದ್ದನ್ನು ಕೆಲಸದಿಂದ ತೀರಿಸುವ ಪ್ರಯತ್ನ ನಡೆಯಿತು. ಮುದ್ದೇನಹಳ್ಳಿಯ ಕಡೆಯವರು ಮಕ್ಕಳ ಹೃದ್ರೋಗಕ್ಕೆ ಹಣವಿಲ್ಲದೆ ಚಿಕಿತ್ಸೆ ಕೊಡುವ ಆಸ್ಪತ್ರೆಗಳನ್ನು ರಾಯಪುರ, ಪಲ್ವಲ್ ಮೊದಲಾದ ಕಡೆ ತೆರೆದರು. ಶಾಲೆಯ ಮಕ್ಕಳಿಗೆ ಬೆಳಗಿನ ಉಪಾಹಾರ ಹಂಚಿದರು. ಒಂದು ವಿಶ್ವವಿದ್ಯಾಲಯವನ್ನೂ ಸ್ಥಾಪಿಸಿದರು. 2023ನೆಯ ಮಾರ್ಚ್ 25ರಂದು ಪ್ರಧಾನಮಂತ್ರಿಗಳೇ ಬಂದು ಮುದ್ದೇನಹಳ್ಳಿಯ ವೈದ್ಯಕೀಯ ಕಾಲೇಜನ್ನು ಉದ್ಘಾಟಿಸಿದರು. ಅತ್ತ ಆಂಧ್ರ ಸರ್ಕಾರ 2022ರಲ್ಲಿ ಪುಟ್ಟಪರ್ತಿಯನ್ನು ಕೇಂದ್ರವಾಗಿಸಿ ಬಾಬಾರವರ ಹೆಸರಿನಲ್ಲಿಯೇ ಒಂದು ಜಿಲ್ಲೆಯನ್ನು ರಚಿಸಿತು. ಎರಡು ಕಡೆಗೂ ರಾಜಮನ್ನಣೆ ದೊರೆತಂತಾಯಿತು. ಇಷ್ಟೆಲ್ಲ ಒಳ್ಳೆಯ ಕೆಲಸ ಸುಳ್ಳಿನಿಂದ ಆದೀತೆ ಎಂದು ಮುದ್ದೇನಹಳ್ಳಿಯ ಭಕ್ತರು ಕೇಳುತ್ತಾರೆ. ಹಿಂದೆ ಪುಟ್ಟಪರ್ತಿಯನ್ನು ಟೀಕಿಸಿದವರಿಗೂ ಇದೇ ಉತ್ತರ ಸಿಗುತ್ತಿತ್ತು. ಇಲ್ಲಿ ನಾವು ಎರಡು ಮಾತುಗಳನ್ನು ಬೇರೆ ಬೇರೆಯಾಗಿಡಬೇಕು. ಶಿಡ್ಲಘಟ್ಟದಲ್ಲಿ ರೇಷ್ಮೆಯ ನೂಲು ತೆಗೆಯುವ ಬಡವರ ಮಗುವಿನ ಎದೆಗೆ ಆಪರೇಷನ್ ಆಗಿ ಅದು ಆಡಿಕೊಂಡಿದ್ದರೆ ಅದಕ್ಕಿಂತ ಪುಣ್ಯದ ಕೆಲಸವಿಲ್ಲ; ಆ ತಾಯಿಯ ಮುಂದೆ ನಮ್ಮ ತರ್ಕವನ್ನು ನಾವು ಎತ್ತುವುದೂ ಇಲ್ಲ. ಆದರೆ ಆಸ್ಪತ್ರೆ ಒಳ್ಳೆಯದೆಂಬುದರಿಂದ ಸಿದ್ಧವಾಗುವುದು ಆಸ್ಪತ್ರೆ ಒಳ್ಳೆಯದೆಂಬುದಷ್ಟೆ. ಅದನ್ನು ಕಟ್ಟಿಸಿದ ಮಾತು ಯಾರದೆಂಬುದು ಅದರಿಂದ ಸಿದ್ಧವಾಗುವುದಿಲ್ಲ.

ಈ ನಡುವೆ ಹೆಚ್ಚು ಗದ್ದಲವಿಲ್ಲದೆ ನಡೆದ ಒಂದು ಬದಲಾವಣೆಯನ್ನು ನಾವು ಬಹಳ ಮುಖ್ಯವೆಂದು ಎಣಿಸುತ್ತೇವೆ. ಮೊದಮೊದಲು ಸೋದರ ಮಧುಸೂದನರೆಂದು ಕರೆಸಿಕೊಂಡು ಬರಿದಾದ ಆಸನದ ಪಕ್ಕದಲ್ಲಿರುತ್ತಿದ್ದವರು ಕ್ರಮೇಣ ಸದ್ಗುರು ಮಧುಸೂದನ ಸಾಯಿ ಎನಿಸಿಕೊಂಡರು. ವೈದ್ಯಕೀಯ ಕಾಲೇಜಿಗೂ ಅವರದೇ ಹೆಸರು. ಕಮಿಟಿಯವರು ಎಷ್ಟು ಪ್ರಕಟಣೆಗಳನ್ನು ಹೊರಡಿಸಿದರೂ ಆಗದಿದ್ದುದು ಇಲ್ಲಿ ತಾನಾಗಿ ಆಯಿತು: ದೂತರು ಯಜಮಾನರಾದರು. ಇದನ್ನು ಹಂಗಿಸಿ ನಾವು ಹೇಳುತ್ತಿಲ್ಲ. ಜನರು ಬರಿದಾದ ಆಸನಕ್ಕೆ ಬಹಳ ಕಾಲ ಕೈಮುಗಿಯಲಾರರು. ಕೈಮುಗಿದವರ ಕಣ್ಣು ಮೆಲ್ಲಗೆ ಪಕ್ಕದವರ ಮುಖದ ಕಡೆಗೆ ಹೊರಳುತ್ತದೆ. ಒಂದು ರೀತಿಯಲ್ಲಿ ಇದರಿಂದ ಸ್ಪಷ್ಟತೆಯೂ ಬಂದಿತು. ಕಾಣದವರ ಪರವಾಗಿ ಮಾತನಾಡುವವರನ್ನು ಪ್ರಶ್ನಿಸುವುದು ಕಷ್ಟ. ಎದುರಿಗೆ ಕುಳಿತು ತಮ್ಮ ಹೆಸರಿನಲ್ಲಿಯೇ ಮಾತನಾಡುವ ಗುರುಗಳನ್ನು ಪ್ರಶ್ನಿಸಬಹುದು, ಬಿಟ್ಟೂ ಬರಬಹುದು.

ವ್ಯಾಜ್ಯ ಇಲ್ಲಿಗೆ ಮುಗಿಯುವಂತೆ ತೋರುವುದಿಲ್ಲ. 1963ರ ಗುರುಪೂರ್ಣಿಮೆಯ ದಿನ ಬಾಬಾರವರು, ಶಿರಡಿಯವರು ಒಂದು, ತಾವು ಎರಡು, ಪ್ರೇಮಸಾಯಿ ಎಂಬುದು ಮೂರನೆಯ ಅವತಾರವೆಂದು ಹೇಳಿದ್ದರು. ಆ ಮೂರನೆಯವರು ಹುಟ್ಟುವುದು ಕರ್ನಾಟಕದಲ್ಲಿ, ಮಂಡ್ಯದ ಸೀಮೆಯಲ್ಲಿ ಎಂದು ಭಕ್ತರು ನಂಬಿದ್ದಾರೆ. ಬಾಬಾರವರು ತೀರಿಕೊಂಡ ವರ್ಷವೇ, 2011ನೆಯ ಸೆಪ್ಟೆಂಬರ್ 24ರಂದು, ನಮ್ಮ ಬೈಲುಕುಪ್ಪೆಯ ಟಿಬೆಟಿಯನ್ನರಿಗೂ ಗುರುಗಳಾದ ದಲೈ ಲಾಮಾರವರು ತಮ್ಮ ಮುಂದಿನ ಜನ್ಮವನ್ನು ಗುರುತಿಸುವ ವಿಷಯದಲ್ಲಿ ಒಂದು ಲಿಖಿತ ಹೇಳಿಕೆಯನ್ನು ಹೊರಡಿಸಿದರು. 2025ನೆಯ ಜುಲೈನಲ್ಲಿ ಆ ಅಧಿಕಾರ ತಮ್ಮ ಗಾದೆನ್ ಫೋಡ್ರಾಂಗ್ ಟ್ರಸ್ಟಿಗೆ ಮಾತ್ರ ಸೇರಿದ್ದೆಂದು ಸ್ಪಷ್ಟಪಡಿಸಿದರು. ಚೀನದ ಸರ್ಕಾರ ಅದನ್ನು ಒಪ್ಪುವುದಿಲ್ಲವೆನ್ನುವುದು ಬೇರೆ ಮಾತು. ಮಂಡ್ಯದ ಯಾವುದೋ ಹಳ್ಳಿಯ ಹುಡುಗನೊಬ್ಬ, 1940ರಲ್ಲಿ ಆದಂತೆ, ಒಂದು ದಿನ ಪುಸ್ತಕದ ಚೀಲವನ್ನು ಬದಿಗಿಟ್ಟು ‘ನಾನು ಆತನೇ’ ಎಂದರೆ ಅದನ್ನು ವಿಚಾರಿಸಿ ಹೇಳತಕ್ಕವರು ಪುಟ್ಟಪರ್ತಿಯ ಟ್ರಸ್ಟಿನವರೋ ಮುದ್ದೇನಹಳ್ಳಿಯ ಸದ್ಗುರುಗಳೋ? 2025ನೆಯ ನವೆಂಬರ್ 23ರಂದು ಎರಡು ಊರುಗಳಲ್ಲಿಯೂ ಬಾಬಾರವರ ನೂರನೆಯ ವರ್ಷದ ಜಯಂತಿ ವೈಭವದಿಂದ ನಡೆಯಿತು. ಚಿಕ್ಕಬಳ್ಳಾಪುರದ ಬಳಿ ಹೆದ್ದಾರಿಯಲ್ಲಿ ಆ ದಿನ ಎರಡು ಕಡೆಯ ಬಸ್ಸುಗಳೂ ಬಂದು, ಕೆಲವು ತಿರುಗಿಕೊಂಡುವು, ಕೆಲವು ನೇರವಾಗಿ ಬಾಗೇಪಲ್ಲಿಯ ಕಡೆಗೆ ಹೋದುವು.